ಗೂಳಪ್ಪನ ಜಾಮೀನು, ಪಾರಿಸಪ್ಪನ ವ್ರತ

ಆ ಸಾಲದಲ್ಲಿ ಗೂಳಪ್ಪನಿಗೆ ಒಂದು ಕಾಸೂ ಸಿಕ್ಕಿರಲಿಲ್ಲ. ಸಾಲ ಕೊಟ್ಟದ್ದು ಊರ ಪತ್ತಿನ ಸಂಘ, ತೆಗೆದುಕೊಂಡವನು ಎದುರುಮನೆಯ ಪಾರಿಸಪ್ಪ, ಆ ದುಡ್ಡಿನಲ್ಲಿ ಬಂದ ಕಬ್ಬಿಣದ ಗಾಣ ನಿಂತದ್ದು ಪಾರಿಸಪ್ಪನ ಕಬ್ಬಿನ ತೋಟದಲ್ಲಿ. ಗೂಳಪ್ಪ ಬರೀ ಜಾಮೀನು ನಿಂತವನು. ಆದರೂ ಮೂರು ವರ್ಷದಿಂದ ಸರಿಯಾಗಿ ನಿದ್ದೆ ಇಲ್ಲದೆ ಒದ್ದಾಡುತ್ತಿದ್ದವನು ಅವನೇ.

ಹಾಗಾದರೆ ಈ ಉಸಾಬರಿಗೆ ಅವನು ಹೋದದ್ದಾದರೂ ಯಾಕೆ ಎಂದು ಕೇಳಿದರೆ, ಕಾಲಿಗೆ ಜುಮ್ಮು ಹಿಡಿದದ್ದರಿಂದ ಎಂದು ಹೇಳಬೇಕಾಗುತ್ತದೆ.

ಜಮಖಂಡಿ ಸಂಸ್ಥಾನದ ಅಂಚಿನಲ್ಲಿ ಮಡ್ಡಿಹಾಳ ಎಂಬ ಊರು. ಅಲ್ಲಿನ ಪತ್ತಿನ ಸಂಘದಲ್ಲಿ ಇದ್ದ ವೈಭವವೆಂದರೆ ಒಂದು ಮೇಜು, ಎರಡು ಕುರ್ಚಿ. ಒಂದರ ಮೇಲೆ ಚೇರಮನ್ ತಾತ್ಯಾಸಾಹೇಬರು ಕೂಡುತ್ತಿದ್ದರು. ಇನ್ನೊಂದು ಜಮಖಂಡಿಯಿಂದ ಸಾಹೇಬರು ಯಾರಾದರೂ ಬಂದರೆ ಇರಲಿ ಎಂದು ಖಾಲಿ ಇರುತ್ತಿತ್ತು. ಉಳಿದ ನಲವತ್ತು ಮೆಂಬರರು ಜಮಖಾನೆಯ ಮೇಲೆ. ಅವತ್ತು ಪಾರಿಸಪ್ಪ ಮುನ್ನೂರು ರೂಪಾಯಿ ಸಾಲ ಕೇಳಿದಾಗ ತಾತ್ಯಾಸಾಹೇಬರು ಚಾಳೀಸು ಮೂಗಿನ ತುದಿಗೆ ಇಳಿಸಿ, "ಜಾಮೀನ ಯಾರ? ಊರಾಗ ಪತ್ತ ಇದ್ದಾಂವ ಒಬ್ಬಾಂವ ಬೇಕ" ಅಂದರು. ನಲವತ್ತು ಮಂದಿಯೂ ಒಮ್ಮೆಗೇ ತಲೆ ತಗ್ಗಿಸಿ ಜಮಖಾನೆಯ ಹೂವು ಎಣಿಸತೊಡಗಿದರು. ಅದೇ ಹೊತ್ತಿಗೆ ಬಾಗಿಲ ಬಳಿ ಕೂತಿದ್ದ ಗೂಳಪ್ಪನ ಕಾಲಿಗೆ ಜುಮ್ಮು ಹಿಡಿಯಿತು. ಝಾಡಿಸಿಕೊಳ್ಳಲು ಎದ್ದು ನಿಂತ.

"ಶಹಬ್ಬಾಸ್ ಗೂಳಪ್ಪ! ಗಂಡಸಂದ್ರ ನೀನು. ಬಾ ಇಲ್ಲೆ, ಕುರ್ಚಿ ಮ್ಯಾಲೆ ಕೂಡ ಬಾ" ಎಂದರು ತಾತ್ಯಾಸಾಹೇಬರು.

ಕುರ್ಚಿಯ ಮೇಲೆ ಕೂಡು ಎಂದು ಕರೆದ ಮೇಲೆ 'ನನಗೆ ಜುಮ್ಮು ಹಿಡಿದಿತ್ತು ಸಾಹೇಬರೇ' ಎಂದು ಹೇಳುವ ಧೈರ್ಯ ಯಾರಿಗಿದೆ? ಗೂಳಪ್ಪ ಕುಂಟುತ್ತ ಹೋಗಿ ಕೂತ. ಅಲ್ಲಿಂದ ನೋಡಿದರೆ ನಲವತ್ತು ರುಮಾಲುಗಳೂ ತನಗಿಂತ ಕೆಳಗೆ ಕಂಡವು. ಆ ಹುರುಪಿನಲ್ಲಿ, ಜಾಮೀನಿಗೆ ಏನು ಬರೆಸುತ್ತೀ ಎಂದು ಕೇಳಿದಾಗ, ಹೊಲ ತಮ್ಮನ ಕೂಡ ಹಂಚಿಕೆಯಾಗಿಲ್ಲವೆಂದು ಹೇಳಿ ತನ್ನ ಒಂದು ಜೋಡಿ ಎತ್ತು ಬರೆಸಿ ಹೆಬ್ಬೆಟ್ಟು ಒತ್ತಿಬಿಟ್ಟ. ಆ ಎತ್ತುಗಳು ನಿಜಕ್ಕೂ ಅವನವಲ್ಲ. ಅವನ ಹೆಂಡತಿ ಮುತ್ತವ್ವನಿಗೆ ಅವಳಪ್ಪ, ಅನಗವಾಡಿಯ ಬಸಗೊಂಡಪ್ಪ, ಕರು ಇದ್ದಾಗಲೇ ಕೊಟ್ಟು ಕಳಿಸಿದ ಎತ್ತುಗಳು. ಮುತ್ತವ್ವ ಅವುಗಳಿಗೆ ಮೈ ತಿಕ್ಕಿದ ಮೇಲೆಯೇ ತಾನು ನೀರು ಎರಕೊಳ್ಳುವವಳು. ಗೂಳಪ್ಪ ಮನೆಗೆ ಬಂದು ಎಂಟು ದಿನ ಕುರ್ಚಿಯ ಸುದ್ದಿ ಹೇಳಿದ. ಎತ್ತಿನ ಸುದ್ದಿ ಮಾತ್ರ ಹೇಳಲಿಲ್ಲ.

ಮೊದಲನೆಯ ವರ್ಷ ಪಾರಿಸಪ್ಪ ನೂರು ರೂಪಾಯಿ ಕಂತನ್ನು ಹೇಳಿದ ದಿನಕ್ಕೆ ಕಟ್ಟಿದ. ಎರಡನೆಯ ವರ್ಷವೂ ಕಟ್ಟಿದ. ಬೇರೆ ಯಾರಾದರೂ ಆಗಿದ್ದರೆ ನಿಶ್ಚಿಂತೆಯಿಂದ ಇರುತ್ತಿದ್ದರು. ಗೂಳಪ್ಪನಿಗೆ ಅನುಮಾನ ಹುಟ್ಟಿದ್ದೇ ಅದರಿಂದ. ಅವನು ಸ್ವತಃ ಸಂಘದ ಸಾಲ ತೀರಿಸಿದ್ದು ಮೂರು ನೋಟೀಸು ಬಂದ ಮೇಲೆ, ಅದೂ ತಾತ್ಯಾಸಾಹೇಬರ ಬೈಗುಳ ತಿಂದು. ಯಾರೂ ಕೇಳದೆ ತಾನಾಗಿ ಹೋಗಿ ದುಡ್ಡು ಕಟ್ಟುವ ಮನುಷ್ಯನ ಹೊಟ್ಟೆಯಲ್ಲಿ ಏನೋ ಇದೆ ಎಂದು ಅವನು ತೀರ್ಮಾನಿಸಿದ. ಉಳಿದಿದ್ದದ್ದು ಒಂದೇ ಕಂತು.

ಅನುಮಾನಕ್ಕೆ ಕೈಕಾಲು ಮೂಡಿದ್ದು ಭಾದ್ರಪದದಲ್ಲಿ. ಜೈನರ ಪರ್ವದ ದಿನಗಳು. ಪಾರಿಸಪ್ಪ ತೇರದಾಳಕ್ಕೆ ಹೋಗಿ, ಅಲ್ಲಿಗೆ ಬಂದಿದ್ದ ಮುನಿಗಳ ಪ್ರವಚನ ಕೇಳಿ ಎರಡು ದಿನ ಇದ್ದು ಬಂದ. ಬಂದವನೇ ಮನೆಯ ಸಾಮಾನುಗಳನ್ನು ಒಂದೊಂದಾಗಿ ಹೊರಗೆ ಸಾಗಿಸತೊಡಗಿದ. ಮೊದಲು ತಾಮ್ರದ ಹಂಡೆ ಓಣಿಯ ಕೊನೆಯ ಅನಸವ್ವನ ಮನೆಗೆ ಹೋಯಿತು. ಮರುದಿನ ಹಿತ್ತಾಳೆಯ ಪರಾತ, ಆಮೇಲೆ ಒಂದು ಹೊರಸು, ಎರಡು ಕೊಡ. ಗೂಳಪ್ಪ ತನ್ನ ಮಾಳಿಗೆಯ ಮೇಲೆ ಬೋರಲು ಮಲಗಿ, ಕುಂಬಿಗೋಡೆಯ ಸಂದಿಯಿಂದ ನೋಡುತ್ತ, ಒಂದೊಂದು ಸಾಮಾನಿಗೆ ಒಂದೊಂದು ಕಲ್ಲಿನ ಹಳಕು ಎತ್ತಿಟ್ಟು ಲೆಕ್ಕ ಇಟ್ಟ. ಹನ್ನೊಂದು ಹಳಕಾದವು.

"ಮಾಳಗಿ ಮ್ಯಾಲೆ ಏನ ಮಾಡಾಕತ್ತೀರಿ?" ಎಂದು ಮುತ್ತವ್ವ ಕೆಳಗಿನಿಂದ ಕೂಗಿದಳು.

"ಶೇಂಗಾ ಒಣಗ್ಯಾವೋ ಇಲ್ಲೋ ನೋಡಾಕತ್ತೇನಿ."

"ಶೇಂಗಾ ಇನ್ನೂ ಹೊಲದಾಗ ಅದಾವ. ಕಿತ್ತೇ ಇಲ್ಲ."

"ಅದಕ್ಕ ಮತ್ತ ಇಲ್ಲಿ ಕಾಣವಲ್ಲವು" ಎಂದು ಗೂಳಪ್ಪ ಕೆಳಗಿಳಿದ.

ಅದೇ ಸಂಜೆ ಪಾರಿಸಪ್ಪನ ಹೆಂಡತಿ ಕಮಲಾಬಾಯಿ ಮುತ್ತವ್ವನನ್ನು ಹಿತ್ತಲ ಗೋಡೆಯ ಹತ್ತಿರ ಕರೆದು, "ಮುತ್ತಕ್ಕಾ, ತಪ್ಪ ತಿಳಕೋಬ್ಯಾಡ. ನಾಕ ದಿನಾತು, ನಿಮ್ಮನಿಯವರು ಮಾಳಗಿ ಮ್ಯಾಲೆ ಮಕ್ಕೊಂಡ ನಮ್ಮ ಹಿತ್ತಲಾ ನೋಡಾಕತ್ತಾರ. ನನಗ ನೀರ ತುಂಬಾಕ ಸೈತ ನಾಚಿಕಿ ಬರಾಕತ್ತೈತಿ" ಎಂದು ಹೇಳಿದಳು. ಮುತ್ತವ್ವ ಮಾತು ಮರೆಸುವುದಕ್ಕೆಂದು ಸಾಮಾನಿನ ಸುದ್ದಿ ಎತ್ತಿದಳು. ಅದಕ್ಕೆ ಕಮಲಾಬಾಯಿ, "ಏನ ಹೇಳಲೆವ್ವ, ಮುನಿಗಳ ಮುಂದ ವ್ರತಾ ತಗೊಂಡ ಬಂದಾರ. ಇಷ್ಟ ಪಾತ್ರಿ, ಇಷ್ಟ ಅರಿವಿ, ಅದಕ್ಕಿಂತ ಹೆಚ್ಚ ಮನ್ಯಾಗ ಇಟ್ಟಗೋಳೂದಿಲ್ಲಂತ. ನನ್ನ ತವರಮನಿ ಹಂಡೇನೂ ಹೋತು" ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಊಟಕ್ಕೆ ಕೂತಾಗ ಮುತ್ತವ್ವ ಎರಡೂ ಸುದ್ದಿಯನ್ನು ಗಂಡನ ತಾಟಿಗೆ ಬಡಿಸಿದಳು. ಮೊದಲನೆಯದನ್ನು ಗೂಳಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯದಕ್ಕೆ ನಕ್ಕ.

"ವ್ರತಾ! ಸಾಮಾನ ಸಾಗಸಾಂವ ವ್ರತಾ ಅನ್ನದ ಮತ್ತೇನಂದಾನ? ಮನಿ ಖಾಲಿ ಮಾಡಾಕತ್ತೇನಂತ ಡಂಗರಾ ಹೊಡಸ್ತಾನೇನು?"

"ಅವರ ಮನಿ, ಅವರ ಸಾಮಾನ. ನಿಮಗ್ಯಾಕ ಉರಿ?"

ಉರಿ ಯಾಕೆ ಎಂದು ಹೇಳಬೇಕಾದರೆ ಜಾಮೀನು ಹೇಳಬೇಕು, ಜಾಮೀನು ಹೇಳಿದರೆ ಎತ್ತು ಹೇಳಬೇಕು. ಗೂಳಪ್ಪ ನೀರು ಕುಡಿದು ಎದ್ದ. ಮುತ್ತವ್ವ ಆ ರಾತ್ರಿಯೇ ಮಾಳಿಗೆಯ ನಿಚ್ಚಣಿಕೆಯನ್ನು ತೆಗೆದು ದನದ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದಳು.

ನಾಲ್ಕು ದಿನ ಬಿಟ್ಟು ಮಡ್ಡಿಯ ಮೇಲೆ ಕುರಿ ಕಾಯುವ ಕರೆಪ್ಪ ಸಿಕ್ಕ. ಅವನು ತಂದ ಸುದ್ದಿಯ ಭಾರ ತಿಳಿಯಬೇಕಾದರೆ ಆ ಕಾಲದ ಗಡಿಗಳ ಸುದ್ದಿ ಸ್ವಲ್ಪ ಗೊತ್ತಿರಬೇಕು. ಮಡ್ಡಿಹಾಳದಿಂದ ತೆಂಕಣಕ್ಕೆ ನಡೆದು ಒಂದು ಹಳ್ಳ ದಾಟಿದರೆ ಮುಧೋಳ ಸಂಸ್ಥಾನ. ತೇರದಾಳ, ರಬಕವಿಯ ಕಡೆ ಹೋದರೆ ಸಾಂಗಲಿ ಸಂಸ್ಥಾನ. ಬೀಳಗಿಯ ಕಡೆ ಹೋದರೆ ಇಂಗ್ರೇಜಿ ಸರಕಾರ. ಒಬ್ಬ ರಾಜರ ಜಪ್ತಿ ಹುಕುಮಿಗೆ ಇನ್ನೊಬ್ಬ ರಾಜರ ಹೊಲದ ಬದುವಿನ ಮೇಲೆ ಕಿಮ್ಮತ್ತಿಲ್ಲ. ಕಾಗದಪತ್ರ ಅಲ್ಲಿಂದಿಲ್ಲಿಗೆ ಅಡ್ಡಾಡುವುದರಲ್ಲಿ ಸಾಲಗಾರನ ಮೊಮ್ಮಕ್ಕಳ ಮದುವೆ ಆಗಿರುತ್ತಿತ್ತು. ಹಿಂದೆ ಒಬ್ಬಾತ ಸಂಘದ ಸಾಲ ಮುಳುಗಿಸಿ ಹಳ್ಳದ ಆಚೆ ದಂಡೆಯ ಮೇಲೆ ಗುಡಿಸಲು ಹಾಕಿಕೊಂಡು, ವಸೂಲಿಗೆ ಬಂದ ಗುಮಾಸ್ತನಿಗೆ ಅಲ್ಲಿಂದಲೇ 'ಊಟ ಆತೇನ್ರಿ' ಎಂದು ಕೇಳುತ್ತಿದ್ದ.

"ನಿನ್ನಿ ಪಾರಿಸಪ್ಪಣ್ಣಾರು ದಿನಾಪೂರ್ತಿ ನನ್ನ ಕೂಡ ಅಡ್ಡಾಡಿದ್ರ. ಗಡಿಕಲ್ಲ ಎಲ್ಲೆಲ್ಲಿ ಅದಾವ ತೋರಸೋ ಕರೆಪ್ಪ ಅಂದ್ರ. ಎಲ್ಲಾ ತೋರಸಿದ್ನಿ" ಎಂದ ಕರೆಪ್ಪ.

"ಗಡಿಕಲ್ಲ? ಯಾಕಂತ?"

"ಹಳ್ಳದ ದಂಡಿ ಮ್ಯಾಲೆ ಒಂದ ಕಲ್ಲ ಐತಲ್ಲ, ಅದನ್ನ ಕೈಯಿಂದ ಮುಟ್ಟಿ ನೋಡಿದ್ರ. ಇಲ್ಲಿಂದ ಒಂದ ಹೆಜ್ಜಿ ಇಟ್ರ ಮುಧೋಳ ಸಂಸ್ಥಾನ ಹೌದಲ್ಲೋ ಅಂತ ಮೂರ ಸಲ ಕೇಳಿದ್ರ."

"ಯಾಕಂತ ಕೇಳಲಿಲ್ಲೇನಲೇ ನೀನು?"

"ಕೇಳಿದ್ರ ಹೇಳತಿದ್ರ ಖರೆ. ನನ್ನ ಒಂದ ಕುರಿ ತಪ್ಪಿತ್ತ. ಅದನ್ನ ಹುಡಕಾಕ ಹ್ವಾದ್ನಿ."

ಇಲ್ಲಿ ಒಂದು ಮಾತು ಹೇಳಲೇಬೇಕು. ಪಾರಿಸಪ್ಪನ ಬಾಗಿಲು ಗೂಳಪ್ಪನ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ. ಹೋಗಿ 'ಏನೋ ಪಾರಿಸ, ಓಡಿ ಹೋಗುತ್ತೀಯಾ?' ಎಂದು ಕೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಡ್ಡಿಹಾಳದಲ್ಲಿ ಒಬ್ಬನ ವಿಷಯವನ್ನು ಅವನಿಗೇ ಕೇಳುವುದು ಮರ್ಯಾದೆಯಲ್ಲ. ಅವನನ್ನು ಬಿಟ್ಟು ಊರಿಗೆಲ್ಲ ಕೇಳಬೇಕು. ಗೂಳಪ್ಪ ಮರ್ಯಾದಸ್ಥ. ನೆಟ್ಟಗೆ ತಾತ್ಯಾಸಾಹೇಬರ ಹತ್ತಿರ ಹೋದ.

ತಾತ್ಯಾಸಾಹೇಬರು ಪೂರ್ತಿ ಕೇಳಿಸಿಕೊಂಡರು. ಕಪಾಟು ತೆಗೆದು ಜಾಮೀನು ಕಾಗದ ಹೊರಗೆ ತಂದು, ಧೂಳು ಊದಿ, ಗಟ್ಟಿಯಾಗಿ ಓದಿದರು. "ಸಾಲಗಾರ ಪರಾರಿ ಆದ್ರ, ಜಾಮೀನದಾರನ ಎತ್ತ ಜಪ್ತ ಮಾಡಿ ಲಿಲಾವ ಮಾಡೂದು. ತಿಳೀತಿಲ್ಲೊ?"

"ಅದ ತಿಳಿದೈತ್ರಿ. ಅಂವಾ ಓಡೂದಕ್ಕಿಂತ ಮೊದಲ ಏನರ ಮಾಡ್ರಿ ಅಂತ ಬಂದೇನ್ರಿ."

"ಓಡತಾನಂತ ನಿನಗ ಹೆಂಗ ಗೊತ್ತು?"

"ಗಡಿಕಲ್ಲ ಮುಟ್ಟಿ ನೋಡ್ಯಾನ್ರಿ."

"ಎರಡ ಕಂತ ಟಾಯಮ ಸರಿ ಕಟ್ಟಿದ ಮನುಷ್ಯಾ ಅಂವಾ. ಅಂವಾ ಓಡತಾನಂತ ಊರಾಗ ಯಾರಿಗೂ ಗೊತ್ತಿಲ್ಲ, ನಿನಗ ಒಬ್ಬಾಂವಗ ಗೊತ್ತೈತಿ." ತಾತ್ಯಾಸಾಹೇಬರು ಚಾಳೀಸು ತೆಗೆದು ಗೂಳಪ್ಪನನ್ನು ಬರಿಗಣ್ಣಿನಿಂದ ನೋಡಿದರು. "ಗೂಳಪ್ಪಾ, ಖರೆ ಹೇಳು. ಇಬ್ಬರೂ ಕೂಡಿ ಏನರ ಮಸಲತ್ತ ಮಾಡೀರೇನು?"

ಈ ಸಲ ಅವನಿಗೆ ಕುರ್ಚಿ ಕೊಟ್ಟಿರಲಿಲ್ಲ. ನಿಂತುಕೊಂಡೇ ಬಂದಿದ್ದ, ನಿಂತುಕೊಂಡೇ ಹೊರಟ. ಮರುದಿನದಿಂದ ಸಂಘದ ಗುಮಾಸ್ತ ದಿನಕ್ಕೆರಡು ಸಲ ಗೂಳಪ್ಪನ ಕೊಟ್ಟಿಗೆಯ ಮುಂದೆ ಹಾಯ್ದು, ಎತ್ತುಗಳನ್ನು ಕಣ್ಣಿನಿಂದ ಎಣಿಸಿಕೊಂಡು ಹೋಗತೊಡಗಿದ. ಇರುವುದು ಎರಡು ಎತ್ತು. ಆದರೂ ಬೆರಳು ಮಡಚುತ್ತಿದ್ದ.

ಪರ್ವ ಮುಗಿಯಿತು. ಮುಗಿದ ಮರುದಿನ ಜೈನರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೈಮುಗಿದು ಕೇಳುವುದು ಊರಿಗೆಲ್ಲ ಗೊತ್ತಿದ್ದ ಪದ್ಧತಿ. ಪಾರಿಸಪ್ಪ ಪ್ರತಿ ವರ್ಷ ಬರುತ್ತಿದ್ದ, ಕೇಳುತ್ತಿದ್ದ, ಗೂಳಪ್ಪ 'ಇರಲಿ ಬಿಡೋ' ಅನ್ನುತ್ತಿದ್ದ, ಅವನು ಮುಂದಿನ ಮನೆಗೆ ಹೋಗುತ್ತಿದ್ದ. ಈ ವರ್ಷ ಬಂದವನು ಕೈಮುಗಿದ ಮೇಲೆ ಹೋಗಲೇ ಇಲ್ಲ. ಕಣ್ಣು ತುಂಬಿದ್ದವು.

"ಗೂಳಪ್ಪಾ, ಉಳದವರ ಹತ್ರ ಕೇಳೂದ ಬ್ಯಾರೆ, ನಿನ್ನ ಹತ್ರ ಕೇಳೂದ ಬ್ಯಾರೆ. ಮನಸ್ಸಿನಿಂದ ಕ್ಷಮಾ ಮಾಡ" ಎಂದ. ಆಮೇಲೆ ಕೊಟ್ಟಿಗೆಗೆ ಹೋಗಿ ಎತ್ತುಗಳ ಬೆನ್ನು ಸವರಿ, "ಇವನ್ನ ಛಲೋತಂಗ ನೋಡ್ಕೋಪಾ" ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತ ಹೊರಟುಹೋದ.

ಗೂಳಪ್ಪ ಅಲ್ಲೇ ಮೇವು ಹಾಕುವ ಗ್ವಾದಲಿಯ ಮೇಲೆ ಕೂತ. ಇನ್ನು ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಸಾಮಾನು ಸಾಗಿಸಿದ, ಗಡಿ ನೋಡಿಕೊಂಡು ಬಂದ, ಈಗ ಹೇಳಿಯೂ ಹೋದ. ಹೋಗುವವನು ಹೋಗಲಿ, ಆದರೆ ಮುತ್ತವ್ವನ ಎತ್ತುಗಳು ಲಿಲಾವಿನ ಕೂಗಿಗೆ ನಿಂತು ಯಾರೋ ಅವುಗಳ ಹಲ್ಲು ಎಣಿಸುವುದು ಅವನ ಕಣ್ಣಿಗೆ ಕಟ್ಟಿತು. ಹೆಂಡತಿಯ ಮುಂದೆ ನಿಂತು ಏನು ಹೇಳಬೇಕು? ಪಾರಿಸಪ್ಪ ಗಡಿ ದಾಟುವ ಮೊದಲು ಎತ್ತುಗಳನ್ನೇ ಗಡಿ ದಾಟಿಸಿಬಿಟ್ಟರೆ ಸಂಘದವರು ಜಪ್ತಿ ಮಾಡುವುದೇನನ್ನು ಎಂಬ ವಿಚಾರ ಹೊಳೆದದ್ದೇ ಆಗ. ಹಳ್ಳದ ಆಚೆಯ ಊರಿನಲ್ಲಿ ರೇವಪ್ಪ ಎಂಬ ದೂರದ ಬೀಗನಿದ್ದ. ಅವನ ಕೊಟ್ಟಿಗೆಯಲ್ಲಿ ಒಂದು ವರ್ಷ ಇದ್ದರಾಯಿತು.

ಮರುದಿನ ಮುತ್ತವ್ವ ಕಸ ತೆಗೆಯಲು ಹೊಲಕ್ಕೆ ಹೋದಾಗ, ಗುಮಾಸ್ತ ಊಟಕ್ಕೆ ಹೋದ ಹೊತ್ತು ನೋಡಿ, ಸುಡುಸುಡು ಮಧ್ಯಾಹ್ನದಲ್ಲಿ ಗೂಳಪ್ಪ ಎತ್ತು ಬಿಚ್ಚಿದ. ಸಪ್ಪಳವಾಗಬಾರದೆಂದು ಕೊರಳ ಗಂಟೆಗಳಲ್ಲಿ ಹಳೆಯ ಬಟ್ಟೆ ತುರುಕಿದ. ಗುರುತು ಸಿಗಬಾರದೆಂದು ಕೋಡಿನ ತುದಿಗೆ ಹಾಕಿದ್ದ ಹಿತ್ತಾಳೆಯ ಅಣಸು ತೆಗೆದು ಜೇಬಿಗೆ ಹಾಕಿಕೊಂಡ. ಹಳ್ಳ ದಾಟಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮುಧೋಳ ಸಂಸ್ಥಾನದ ಸುಂಕದ ನಾಕೆ ಅಡ್ಡ ಬಂತು. ಅದರ ನೆರಳಿನಲ್ಲಿ ರಾಮಲಿಂಗಪ್ಪ ಎಂಬ ಕಾರಕೂನ ಎಲೆ ಅಡಿಕೆ ಹಾಕುತ್ತ ಕೂತಿದ್ದ.

"ಯಾರ ಎತ್ತ?"

"ನನ್ನವರಿ."

"ಎಲ್ಲಿಗೆ ಹೊಂಟೀದಿ?"

"ಮೇಸಾಕರಿ."

"ನಿಮ್ಮ ಕಡೆ ಹುಲ್ಲ ಇಲ್ಲೇನು?"

"ಐತ್ರಿ. ಆದರ ಇವಕ್ಕ ನಿಮ್ಮ ಸಂಸ್ಥಾನದ ಹುಲ್ಲಂದ್ರ ಬಾಳ ಪ್ರೀತಿ."

ಕಾರಕೂನ ಎದ್ದು ಬಂದು ಒಂದು ಗಂಟೆಯನ್ನು ಹಿಡಿದು ಅಲ್ಲಾಡಿಸಿದ. ಸಪ್ಪಳ ಬರಲಿಲ್ಲ. ಬೆರಳು ಹಾಕಿ ಒಂದು ಮೊಳ ಬಟ್ಟೆ ಹೊರಗೆಳೆದ.

"ಇದೇನು?"

"ಸಪ್ಪಳಾ ಆದ್ರ ಅವಕ್ಕ ತಲಿ ನೋಯತೈತ್ರಿ."

ರಾಮಲಿಂಗಪ್ಪ ಇಪ್ಪತ್ತು ವರ್ಷದ ನೌಕರಿಯಲ್ಲಿ ಎತ್ತುಗಳ್ಳರನ್ನು ಬಹಳ ನೋಡಿದ್ದ. ತಲೆನೋವಿನ ಎತ್ತುಗಳನ್ನು ನೋಡಿದ್ದು ಇದೇ ಮೊದಲು. ಈ ಕಡೆ ಗುರುತಿನವರು ಯಾರಿದ್ದಾರೆ ಎಂದು ಕೇಳಿದ. ರೇವಪ್ಪನಿಗೆ ಹೇಳಿಕಳಿಸಿದರು. ರೇವಪ್ಪ ನಗುನಗುತ್ತ ಬಂದವನು, ಮೇಜಿನ ಮೇಲೆ ತೆರೆದಿಟ್ಟ ದಫ್ತರವನ್ನು ಕಂಡು ನಿಂತ.

"ಇದ ಜಾಮೀನ ದಫ್ತರ ಏನ್ರಿ?"

"ಹೌದು. ಇವರು ನಿಮ್ಮ ಬೀಗರಂತ. ಸಹಿ ಮಾಡ್ರಿ."

"ಇವರನ್ನ ನಾ ಕಂಡೇ ಇಲ್ಲರಿ."

"ಲೇ ರೇವ್ಯಾ! ನನ್ನ ಮದಿವ್ಯಾಗ ನಾಕ ದಿನಾ ಉಂಡೀಯಲ್ಲಲೇ!" ಎಂದು ಗೂಳಪ್ಪ ಬಾಯಿ ಮಾಡಿದ.

"ಬಾಳ ಮದಿವ್ಯಾಗ ಉಂಡೇನ್ರಿ. ಎಲ್ಲಾರ ಮಾರಿ ಹೆಂಗ ನೆಪ್ಪ ಇರತಾವ?" ಎಂದು ರೇವಪ್ಪ ಬಂದ ದಾರಿ ಹಿಡಿದ.

ಎತ್ತುಗಳು ಕೊಂಡವಾಡಕ್ಕೆ, ಸಂಸ್ಥಾನದ ದನದ ದೊಡ್ಡಿಗೆ, ಹೋದವು. ಎಂಟು ದಿನದೊಳಗೆ ಗೂಳಪ್ಪನ ಊರಿನ ಒಬ್ಬ ಆಸ್ತಿವಂತ ಖುದ್ದಾಗಿ ಬಂದು, ಎತ್ತು ಇವನವೇ ಎಂದು ಜಾಮೀನು ನಿಂತು ಸಹಿ ಮಾಡಬೇಕು. ಇಲ್ಲದಿದ್ದರೆ ಲಿಲಾವು. ಯಾವ ಲಿಲಾವಿಗೆ ಹೆದರಿ ಊರು ಬಿಡಿಸಿದ್ದನೋ ಅದೇ ಲಿಲಾವಿಗೆ ಎತ್ತುಗಳನ್ನು ತಾನೇ ಕೈಯಾರೆ ಒಪ್ಪಿಸಿ ಗೂಳಪ್ಪ ಬರಿಗೈಯಲ್ಲಿ ಮನೆಗೆ ಬಂದ. ಬರಿಗೈ ಎಂದರೂ ತಪ್ಪು, ಜೇಬಿನಲ್ಲಿ ನಾಲ್ಕು ಅಣಸು ಇದ್ದವು.

ಮುತ್ತವ್ವ ಖಾಲಿ ಕೊಟ್ಟಿಗೆಯ ಮುಂದೆ ನಿಂತಿದ್ದಳು. "ಎತ್ತ ಎಲ್ಲಿ?"

"ಮೇಯಾಕತ್ತಾವ."

"ಎಲ್ಲಿ?"

"ಮುಧೋಳ ಸಂಸ್ಥಾನದಾಗ."

ಆಮೇಲೆ ಮುಚ್ಚುವುದಕ್ಕೆ ಏನೂ ಉಳಿಯಲಿಲ್ಲ. ಜುಮ್ಮು ಹಿಡಿದ ಕಾಲಿನಿಂದ ಹಿಡಿದು ಕೊಂಡವಾಡದವರೆಗೆ ಎಲ್ಲವನ್ನೂ ಹೇಳಿದ. ಮುತ್ತವ್ವ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಒಂದ ಗಳಿಗಿ ಕುರ್ಚಿ ಮ್ಯಾಲೆ ಕೂಡಾಕ ನಮ್ಮಪ್ಪನ ಎತ್ತ ಬರದ ಕೊಟ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಮಾತಿಗೆ ಗೂಳಪ್ಪನಿಗೆ ನಿಜವಾಗಿಯೂ ನಾಚಿಕೆಯಾಯಿತು, ತನ್ನ ಬಗ್ಗೆ ತನಗೇ ಅಸಹ್ಯವೆನಿಸಿತು.

ಮರುದಿನದಿಂದ ಜಾಮೀನುದಾರನ ಹುಡುಕಾಟ. ತಾತ್ಯಾಸಾಹೇಬರು, "ಸಂಘಕ್ಕ ಬರದ ಕೊಟ್ಟ ಎತ್ತ ಸಂಸ್ಥಾನದಿಂದ ಹೊರಗ ಹಾಕೀದಿ. ನಿನ್ನ ಮ್ಯಾಲೆ ಖಟ್ಲೆ ಹಾಕಲಿಲ್ಲಂತ ಸಮಾಧಾನ ಪಡು" ಎಂದರು. ಕರೆಪ್ಪನಿಗೆ ಆಸ್ತಿ ಎಂದರೆ ಕುರಿ, ಅವೂ ಅವನಿಗೆ ಎಣಿಕೆಗೆ ಸಿಕ್ಕವಲ್ಲ. ಉಳಿದವರಲ್ಲಿ ಒಬ್ಬನಿಗೆ ಹಲ್ಲುನೋವು, ಒಬ್ಬನಿಗೆ ಹೆಂಡತಿಯ ಆಣೆ, ಇನ್ನೊಬ್ಬ ತನಗೆ ಇದ್ದಕ್ಕಿದ್ದಂತೆ ಸಹಿ ಮರೆತುಹೋಗಿದೆ ಎಂದ. ಆರು ದಿನ ಕಳೆದವು.

"ಎದರ ಮನ್ಯಾಗ ಕೇಳೀರೇನು?" ಎಂದಳು ಮುತ್ತವ್ವ ಏಳನೆಯ ದಿನ.

"ಯಾವ ಮಾರಿ ಹೊತ್ತಗೊಂಡ ಕೇಳಲಿ? ಅದೂ ಓಡಿ ಹೋಗೂ ಮನುಷ್ಯಾನ್ನ?"

"ಓಡಿ ಹೋಗಾಂವ ಮುಂಜಾನಿಂದ ಹಿತ್ತಲದಾಗ ಬದನಿಸಸಿ ಹಚ್ಚಾಕತ್ತಾನ" ಎಂದು ಮುತ್ತವ್ವ ಗಂಡನ ರಟ್ಟೆ ಹಿಡಿದು ಇಪ್ಪತ್ತು ಹೆಜ್ಜೆ ನಡೆಸಿಕೊಂಡು ಹೋದಳು.

ಪಾರಿಸಪ್ಪ ಮಣ್ಣಿನ ಕೈಯಲ್ಲೇ ಎಲ್ಲವನ್ನೂ ಕೇಳಿಸಿಕೊಂಡ. ಮುತ್ತವ್ವ ಗಂಡನ ಅನುಮಾನವನ್ನೂ ಬಿಡದೆ ಹೇಳಿದಳು. ಮಾತು ಮುಗಿದ ಮೇಲೆ ಪಾರಿಸಪ್ಪ ಕೈಯ ಮಣ್ಣು ಉದುರಿಸಿಕೊಂಡ.

"ನಾ ಬರತಿದ್ನಿ ತಂಗಿ. ಆದರ ಬರಾಕ ಬರೂದಿಲ್ಲ. ಈ ಸಾಲ ತೀರೂತನಕ ನಮ್ಮ ಸಂಸ್ಥಾನದ ಗಡಿ ದಾಟೂದಿಲ್ಲಂತ ಮುನಿಗಳ ಮುಂದ ವ್ರತಾ ತಗೊಂಡೇನಿ. ಎಲ್ಲಿ ತಪ್ಪಿ ಕಾಲ ಇಟ್ಟೇನೋ ಅಂತ ಕಲ್ಲನೂ ನೋಡಿ ಬಂದೇನಿ. ಹೆಚ್ಚಿನ ಸಾಮಾನ ಮಾರಿದ್ದು ಎಂಬತ್ತೈದ ರೂಪಾಯಿ ಆಗೇತಿ, ಕಡೀ ಕಂತಿಗೆ ಕಟ್ಟಿ ಇಟ್ಟೇನಿ."

ಮುತ್ತವ್ವ ಕೇಳಿದಳು. "ಅಣ್ಣಾ, ಗಡಿಕಲ್ಲಿನ ತನಕ ಬರತೀರೇನು?"

"ಅಲ್ಲೀತನಕ ಬರತೀನಿ."

ಕಮಲಾಬಾಯಿ ಒಳಗಿನಿಂದ, "ಬರೂದೇನೋ ಬರಲಿ, ಅಲ್ಲಿ ಇವರಿಗೆ ಯಾರೂ ಏನೂ ಕೇಳಲಾರದಂಗ ನೋಡ್ಕೊ ಮುತ್ತಕ್ಕಾ. ಸುಳ್ಳ ಹೇಳೂದಿಲ್ಲಂತನೂ ವ್ರತಾ ಮಾಡ್ಯಾರ. ನಿನ್ನಿ ಬೀಗರು ಬಂದಾಗ ಸಾರ ಹೆಂಗಾಗೇತಿ ಅಂತ ಕೇಳಿದ್ದಕ್ಕ ನನ್ನ ಮಾನಾನ ಕಳದ್ರ" ಎಂದಳು.

ಎಂಟನೆಯ ದಿನ ಬೆಳಿಗ್ಗೆ ಹಳ್ಳದ ದಂಡೆಯ ಮೇಲೆ ಅರ್ಧ ಊರು ನೆರೆಯಿತು. ಕಾಗದದಲ್ಲಿ ಏನು ಬೀಳುತ್ತದೋ ನೋಡಬೇಕೆಂದು ತಾತ್ಯಾಸಾಹೇಬರೂ ಕೊಡೆ ಹಿಡಿದು ಬಂದಿದ್ದರು. ಪಾರಿಸಪ್ಪ ಗಡಿಕಲ್ಲಿಗೆ ಕಾಲಿನ ಹೆಬ್ಬೆರಳು ತಾಗಿಸಿ ನಿಂತ. ಮುತ್ತವ್ವ ನಾಕೆಗೆ ಹೋಗಿ ಕಾರಕೂನನಿಗೆ ವಿಷಯ ತಿಳಿಸಿ, ದಫ್ತರ ಅಲ್ಲಿಗೆ ತರಬೇಕೆಂದಳು.

"ನಮ್ಮ ಸಂಸ್ಥಾನದ ದಫ್ತರ ಗಡಿ ದಾಟೂಹಂಗಿಲ್ಲ" ಎಂದ ರಾಮಲಿಂಗಪ್ಪ.

"ಅವರೂ ದಾಟೂದಿಲ್ಲ, ನಿಮ್ಮ ದಫ್ತರಾನೂ ದಾಟೂದಿಲ್ಲ. ನನ್ನ ಎತ್ತ ಅಷ್ಟ ದಾಟ್ಯಾವ" ಎಂದಳು ಮುತ್ತವ್ವ. ಆಮೇಲೆ ಕಲ್ಲಿನ ಕಡೆ ಕೈ ಮಾಡಿ, "ಆ ಕಲ್ಲ ಯಾರದ್ರಿ?" ಎಂದು ಕೇಳಿದಳು.

ಕಾರಕೂನ ವಿಚಾರ ಮಾಡಿದ. ಕಲ್ಲು ಇಬ್ಬರದೂ ಹೌದು. ದಫ್ತರವನ್ನು ತಂದು ಕಲ್ಲಿನ ನೆತ್ತಿಯ ಮೇಲೆ ಬಿಚ್ಚಿ, ಅತ್ತ ಕಡೆಯ ರಟ್ಟನ್ನು ತಾನು ಗಟ್ಟಿಯಾಗಿ ಹಿಡಿದುಕೊಂಡ. ಹಾಳೆಯಲ್ಲಿ ಸಹಿ ಮಾಡುವ ಚೌಕದ ಮನೆ ಮುಧೋಳದ ಕಡೆಗೆ ಬಿತ್ತು. ಕೈ ಚಾಚು ಎಂದರೆ ಪಾರಿಸಪ್ಪ, ಕೈ ದಾಟಿದರೂ ತಾನೇ ದಾಟಿದಂತೆ ಎಂದ. ತಾತ್ಯಾಸಾಹೇಬರು ಹೌದೆಂದರು, ಕಾರಕೂನ ಅಲ್ಲವೆಂದ, ಕರೆಪ್ಪ ತನ್ನ ಕುರಿಯ ತಲೆ ದಾಟಿದರೂ ನಾಕೆಯವರು ಸುಂಕ ಕೇಳುತ್ತಾರೆಂದು ಸಾಕ್ಷಿ ಹೇಳಿದ. ಕೊನೆಗೆ ದಫ್ತರವನ್ನೇ ಉಲ್ಟಾ ತಿರುಗಿಸಿ ಇಟ್ಟಾಗ ಸಹಿಯ ಮನೆ ಜಮಖಂಡಿಗೆ ಬಂತು. ಎಲ್ಲರಿಗೂ ಉಸಿರು ಬಂತು.

ಪಾರಿಸಪ್ಪ ಮಸಿಯಲ್ಲಿ ಅದ್ದಿದ ಟಾಕು ಕೈಗೆ ತೆಗೆದುಕೊಂಡ. ಆಗ ರಾಮಲಿಂಗಪ್ಪ, ಪದ್ಧತಿಯ ಪ್ರಕಾರ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದ. "ಎತ್ತ ಇವನವ ಹೌದೇನು?"

"ಅಲ್ಲರಿ. ಇವನ ಹೇಂತಿವು."

"ಅದ ಒಂದ. ಈ ಮನುಷ್ಯಾನ ಮ್ಯಾಲೆ ನಿಮಗ ನಂಬಿಗಿ ಐತೇನು?"

ಕಮಲಾಬಾಯಿ ಹಣೆ ಚಚ್ಚಿಕೊಂಡಳು. ಪಾರಿಸಪ್ಪ ಗೂಳಪ್ಪನನ್ನು ನೋಡಿದ. ಮಾಳಿಗೆಯ ಮೇಲೆ ಮಲಗಿದ್ದನ್ನೂ, ತಾತ್ಯಾಸಾಹೇಬರ ಹತ್ತಿರ ಓಡಿದ್ದನ್ನೂ ಅವನು ನಿನ್ನೆಯಷ್ಟೇ ಕೇಳಿದ್ದ. ಹಳ್ಳದ ಎರಡೂ ದಂಡೆಯ ಮೇಲೆ ಜನ ಕುತ್ತಿಗೆ ಮುಂದೆ ಮಾಡಿ ನಿಂತಿದ್ದರು.

"ಇಲ್ಲರಿ" ಎಂದ ಪಾರಿಸಪ್ಪ. "ಬರ್ರಿ ಎಲ್ಲಿ ಸಹಿ ಮಾಡಲಿ?"

"ನಂಬಿಗಿ ಇಲ್ಲಂದ್ರ ಜಾಮೀನ ಹೆಂಗ ನಿಲ್ಲತೀರಿ?"

"ಎದರ ಮನಿಯಾಂವ ಇದ್ದಾನ್ರಿ. ನಂಬಿಗಿ ಬಂದ ಮ್ಯಾಲೆ ನಿಲ್ಲತೀನಂದ್ರ ಎತ್ತ ಲಿಲಾವ ಆಗತಾವ."

ಕಾರಕೂನ ದಫ್ತರದಲ್ಲಿ 'ನಂಬಿಗೆ' ಎಂಬ ಮನೆಯನ್ನು ಖಾಲಿ ಬಿಟ್ಟು, ಸಹಿ ತೆಗೆದುಕೊಂಡ. ಎತ್ತುಗಳು ಬಂದವು. ಮುತ್ತವ್ವ ಅವುಗಳ ಕೊರಳ ಗಂಟೆಯೊಳಗಿನ ಬಟ್ಟೆಯನ್ನೆಲ್ಲ ಕಿತ್ತು ಹಳ್ಳಕ್ಕೆ ಎಸೆದು, ಹಗ್ಗ ತನ್ನ ಕೈಯಲ್ಲೇ ಹಿಡಿದು ಮುಂದೆ ನಡೆದಳು.

ಹಿಂದೆ ಇಬ್ಬರೇ ಉಳಿದರು. ಅರ್ಧ ದಾರಿಗೆ ಬಂದ ಮೇಲೆ ಗೂಳಪ್ಪ ತಡೆಯಲಾರದೆ, ತಲೆ ಎತ್ತದೆ ಹೇಳಿದ:

"ಪಾರಿಸ, ನಿನ್ನ ಮ್ಯಾಲೆ ನನಗ ನಂಬಿಗಿ ಇರಲಿಲ್ಲೋ."

"ನನಗೂ ಇರಲಿಲ್ಲ" ಎಂದ ಪಾರಿಸಪ್ಪ.

ಗೂಳಪ್ಪ ನಿಂತುಬಿಟ್ಟ.

"ಹೋದ ಸುಗ್ಗ್ಯಾಗ ಬೆಲ್ಲದ ದರಾ ಬಿತ್ತಲ್ಲ. ಕಮಲಾನ ಕೈಯಾನ ಬಂಗಾರದ ಪಾಟಲಿ ಮಾರಿ ಎರಡನೇ ಕಂತ ಕಟ್ಟಿದ್ನಿ. ಇನ್ನ ಮೂರನೇದ್ದ ಆಗೂದಿಲ್ಲ, ಸೊಲ್ಲಾಪುರದ ಗಿರಣಿಗೆ ಹೋಗಿಬಿಡೂಣು ಅಂತ ಎರಡ ಸಲ ಗಂಟ ಕಟ್ಟಿದ್ನಿ. ಎರಡೂ ಸಲ ಹೊಸ್ತಿಲಾ ದಾಟೂ ಹೊತ್ತಿಗೆ ಸರಿಯಾಗಿ ನಿನ್ನ ಎತ್ತ ನಮ್ಮ ಬಾಗಲ ಮುಂದ ಹಾದ ಹ್ವಾದು. ಗಂಟ ಬಿಚ್ಚಿ ಇಟ್ನಿ. ಮೂರನೇ ಸಲ ಎತ್ತ ಬರಲಿಲ್ಲಂದ್ರ ಏನ ಗತಿ ಅಂತ ಹೆದರಿಕಿ ಆತು. ಅದಕ್ಕ ತೇರದಾಳಕ್ಕ ಹೋಗಿ ವ್ರತಾ ತಗೊಂಡ ಬಂದ್ನಿ."

ಮುಂದೆ ಮುತ್ತವ್ವ ಒಂದು ಸಲ ತಿರುಗಿ ನೋಡಿ, "ಬರ್ರಿ, ಬಿಸಲ ಏರಾಕತ್ತೈತಿ" ಎಂದು ಕೂಗಿದಳು. ಗೂಳಪ್ಪ ಜೇಬಿನಿಂದ ನಾಲ್ಕು ಅಣಸುಗಳನ್ನು ತೆಗೆದು, ಎರಡನ್ನು ಪಾರಿಸಪ್ಪನ ಕೈಗೆ ಕೊಟ್ಟ. ಇಬ್ಬರೂ ಬೇಗ ಬೇಗ ಹೆಜ್ಜೆ ಹಾಕಿ ಎತ್ತುಗಳನ್ನು ಕೂಡಿಕೊಂಡು, ಒಂದರ ಕೋಡಿಗೆ ಒಬ್ಬ, ಇನ್ನೊಂದರ ಕೋಡಿಗೆ ಒಬ್ಬ, ಅಣಸು ಕೂಡಿಸತೊಡಗಿದರು.